ಥ್ರಾಟಲ್ ಬಾಡಿ ಬದಲಾವಣೆ: ಒಂದು ವಿಮರ್ಶೆ

ಇಂದಿನ ಮೋಟಾರ್ ಸೈಕಲ್ಲಿನ ಥ್ರಾಟಲ್ ಬಾಡಿಯನ್ನು ಮನೆಯಲ್ಲೇ ಬದಲಾಯಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಸೀಟು ತೆಗೆದು, ಟ್ಯಾಂಕ್ ಎತ್ತಿ, ಎರಡು ಕ್ಲಾಂಪ್ ಸಡಿಲಿಸಿ, ಆಕ್ಸಿಲರೇಟರ್ ಕೇಬಲ್ ಬಿಡಿಸಿ, ವೈರಿಂಗ್ ಕನೆಕ್ಟರ್ ಕಳಚಿ ಹಳೆಯದನ್ನು ಹೊರತೆಗೆಯಬೇಕು; ಅದೇ ಕ್ರಮವನ್ನು ಹಿಂದುಮುಂದಾಗಿ ಮಾಡಿ ಹೊಸದನ್ನು ಕೂರಿಸಬೇಕು. ಕೈಪಿಡಿಗಳಲ್ಲಿರುವುದೂ ಇದೇ, ವಿಡಿಯೋ ಪಾಠಗಳಲ್ಲಿರುವುದೂ ಇದೇ. ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ ಡಿಪ್ಲೊಮಾ ವಿದ್ಯಾರ್ಥಿ ಇದನ್ನು ಒಂದು ಬಿಡುವಿನ ಬೆಳಗಿನಲ್ಲಿ ಮುಗಿಸಬಲ್ಲ.

ಈ ಕಾರ್ಯಕ್ರಮದ ಹೆಜ್ಜೆಗಳಲ್ಲಿ ತಪ್ಪು ಹುಡುಕುವುದು ಈ ಲೇಖನದ ಉದ್ದೇಶವಲ್ಲ. ನನ್ನ ಆಕ್ಷೇಪ ಅದು ಆರಂಭವಾಗುವ ಮತ್ತು ಮುಗಿಯುವ ಸ್ಥಳಗಳ ಬಗ್ಗೆ. ಕೆಟ್ಟಿರುವುದು ಥ್ರಾಟಲ್ ಬಾಡಿಯೇ ಎಂಬುದು ಹೇಗೆ ತಿಳಿಯಿತು ಎಂಬ ಪ್ರಶ್ನೆಯನ್ನು ಅದು ಆರಂಭದಲ್ಲಿ ಕೇಳುವುದಿಲ್ಲ. ಬದಲಾಯಿಸಿದ ಮೇಲೆ ಗಾಡಿ ಸರಿಯಾದರೆ, ಹಳೆಯ ಭಾಗವೇ ದೋಷಿಯೆಂದು ಪ್ರಶ್ನಿಸದೆ ಒಪ್ಪಿಕೊಂಡು ಮುಗಿದುಬಿಡುತ್ತದೆ. ವಿಜ್ಞಾನದ ತರಗತಿಯಲ್ಲಿ ಇಂಥ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಗ್ಯಾರೇಜಿನಲ್ಲಿ ಮಾತ್ರ ಏಕೆ ಒಪ್ಪಬೇಕು?

ಬಾಗಿಲೂ ಹೌದು, ಅಳತೆಗೋಲೂ ಹೌದು

ಭಾರತದಲ್ಲಿ ಇಂಧನವನ್ನು ಚಿಮ್ಮಿಸುವ ವ್ಯವಸ್ಥೆಯ ಬೈಕುಗಳು 2006ರ ಹೊತ್ತಿಗೇ ಮಾರುಕಟ್ಟೆಗೆ ಬಂದಿದ್ದರೂ ಬಹುಪಾಲು ಗಾಡಿಗಳು ಕಾರ್ಬ್ಯುರೇಟರನ್ನೇ ನೆಚ್ಚಿಕೊಂಡಿದ್ದವು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಮಾನಕ ದೇಶಾದ್ಯಂತ ಜಾರಿಗೆ ಬಂದ ಮೇಲೆ ಈ ಚಿತ್ರ ಬದಲಾಯಿತು. ಪೆಟ್ರೋಲ್ ದ್ವಿಚಕ್ರ ವಾಹನವೊಂದು ಕಿಲೋಮೀಟರಿಗೆ 1 ಗ್ರಾಂಗಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡನ್ನು, 0.06 ಗ್ರಾಂಗಿಂತ ಹೆಚ್ಚು ನೈಟ್ರೋಜನ್ ಆಕ್ಸೈಡ್‌ಗಳನ್ನು ಹೊರಬಿಡಬಾರದು ಎಂದಾಗ, ಗಾಳಿ ಮತ್ತು ಪೆಟ್ರೋಲಿನ ಪ್ರಮಾಣವನ್ನು ಪ್ರತಿ ಕ್ಷಣವೂ ಅಳೆದು ಬೆರೆಸುವುದು ಅನಿವಾರ್ಯವಾಯಿತು.

ಕಾರ್ಬ್ಯುರೇಟರಿನಲ್ಲಿ ಗಾಳಿಯ ಹರಿವೇ ಪೆಟ್ರೋಲನ್ನು ಎಳೆದುಕೊಳ್ಳುತ್ತಿತ್ತು. ಥ್ರಾಟಲ್ ಬಾಡಿಯಲ್ಲಿ ಈ ಎರಡು ಕೆಲಸಗಳು ಬೇರೆಯಾಗಿವೆ. ಅಲ್ಯೂಮಿನಿಯಮ್ ಎರಕದ ಒಂದು ಕೊಳವೆ. ಅದರೊಳಗೆ ಅಚ್ಚಿನ ಮೇಲೆ ತಿರುಗುವ ತೆಳುವಾದ ಲೋಹದ ಬಿಲ್ಲೆ. ಇದೇ ಚಿಟ್ಟೆ ಕವಾಟ. ಸವಾರ ಆಕ್ಸಿಲರೇಟರ್ ತಿರುಗಿಸಿದಾಗ ತೆರೆದುಕೊಳ್ಳುವುದು ಈ ಗಾಳಿಯ ಬಾಗಿಲು ಮಾತ್ರ. ಎಷ್ಟು ಪೆಟ್ರೋಲ್ ಚಿಮ್ಮಬೇಕೆಂಬುದನ್ನು ಗಾಡಿಯ ಗಣಕ, ಅಂದರೆ ಇ.ಸಿ.ಯು., ನಿರ್ಧರಿಸುತ್ತದೆ. ಅದಕ್ಕೆ ಬೇಕಾದ ಮಾಹಿತಿ ಬರುವುದು ಬಿಲ್ಲೆಯ ಕೋನವನ್ನು ಹೇಳುವ ಸೆನ್ಸರ್, ಕೊಳವೆಯೊಳಗಿನ ಒತ್ತಡವನ್ನು ಹೇಳುವ ಸೆನ್ಸರ್ ಮತ್ತು ಗಾಳಿಯ ಉಷ್ಣತೆಯನ್ನು ಹೇಳುವ ಸೆನ್ಸರ್‌ಗಳಿಂದ. ಅನೇಕ ಮಾದರಿಗಳಲ್ಲಿ ಇವು ಮೂರೂ ಥ್ರಾಟಲ್ ಬಾಡಿಯ ಮೇಲೆಯೇ ಇರುತ್ತವೆ. ಐಡ್ಲಿಂಗ್ ವೇಳೆ ಸ್ವಲ್ಪ ಗಾಳಿಯನ್ನು ಪಕ್ಕದ ದಾರಿಯಿಂದ ಬಿಡುವ ಪುಟ್ಟ ಮೋಟಾರು ಕವಾಟವೂ ಇರಬಹುದು.

ಆದ್ದರಿಂದ ಥ್ರಾಟಲ್ ಬಾಡಿ ಎಂಬುದು ಒಂದೇ ಭಾಗವಲ್ಲ. ಅದು ಒಂದು ಬಾಗಿಲು, ಆ ಬಾಗಿಲ ಮೇಲೆ ಕೂರಿಸಿದ ಕೆಲವು ಅಳತೆಗೋಲುಗಳು ಹಾಗೂ ಆ ಅಳತೆಯನ್ನು ಸಾಗಿಸುವ ತಂತಿಗಳು. "ಥ್ರಾಟಲ್ ಬಾಡಿ ಕೆಟ್ಟಿದೆ" ಎಂಬ ಮಾತಿಗೆ ಹಾಗಾಗಿ ಕಡಿಮೆಯೆಂದರೂ ಮೂರು ಅರ್ಥಗಳಿವೆ. ಮೂರಕ್ಕೂ ಸವಾರ ಹೇಳುವ ದೂರು ಒಂದೇ: "ಗಾಡಿ ಸ್ಲೋನಲ್ಲಿ ನಿಲ್ಲುತ್ತಿಲ್ಲ."

ಮೊದಲ ಅರ್ಥ: ಬಾಗಿಲಿಗೆ ಮಸಿ ಕಟ್ಟಿದೆ

ಐಡ್ಲಿಂಗ್ ಸ್ಥಿತಿಯಲ್ಲಿ ಎಂಜಿನ್ನಿಗೆ ಎಷ್ಟು ದೊಡ್ಡ ಕಿಂಡಿ ಬೇಕು? ಪಿ.ಯು.ಸಿ. ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವಿದು. 200 ಸಿ.ಸಿ.ಯ ನಾಲ್ಕು ಹೊಡೆತದ ಒಂಟಿ ಸಿಲಿಂಡರ್ ಎಂಜಿನ್ ನಿಮಿಷಕ್ಕೆ 1,400 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಎರಡು ಸುತ್ತಿಗೊಮ್ಮೆ ಉಸಿರೆಳೆಯುವುದರಿಂದ ನಿಮಿಷಕ್ಕೆ 700 ಸಲ, ಅಂದರೆ ಸೆಕೆಂಡಿಗೆ ಸುಮಾರು 2.3 ಲೀಟರ್ ಗಾತ್ರ ತುಂಬಬೇಕು. ಆಗ ಸಿಲಿಂಡರಿನೊಳಗಿನ ಒತ್ತಡ ವಾತಾವರಣದ ಒತ್ತಡದ ಶೇ. 40ರಷ್ಟಿದ್ದರೆ, ಒಳಹೋಗುವ ಗಾಳಿ ಹೊರಗಿನ ಲೆಕ್ಕದಲ್ಲಿ ಸೆಕೆಂಡಿಗೆ 0.93 ಲೀಟರ್, ತೂಕದಲ್ಲಿ ಸುಮಾರು 1.1 ಗ್ರಾಂ.

ಕಿಂಡಿಯ ಆಚೆಗಿನ ಒತ್ತಡವು ಈಚೆಗಿನ ಒತ್ತಡದ 0.53ಕ್ಕಿಂತ ಕಡಿಮೆಯಾದಾಗ ಕಿಂಡಿಯಲ್ಲಿ ಗಾಳಿ ಶಬ್ದದ ವೇಗವನ್ನು ಮುಟ್ಟುತ್ತದೆ. ಆಮೇಲೆ ಒಳಗಿನ ಒತ್ತಡವನ್ನು ಎಷ್ಟೇ ಇಳಿಸಿದರೂ ಹರಿವು ಹೆಚ್ಚುವುದಿಲ್ಲ. ಸಾಮಾನ್ಯ ಒತ್ತಡ ಮತ್ತು ಉಷ್ಣತೆಯಲ್ಲಿ ಇಂಥ ಹರಿವಿನ ಮಿತಿ ಚದರ ಮಿಲಿಮೀಟರಿಗೆ ಸೆಕೆಂಡಿಗೆ ಸುಮಾರು 0.23 ಗ್ರಾಂ. ಅಂಚಿನಲ್ಲಾಗುವ ನಷ್ಟವನ್ನೂ ಸೇರಿಸಿದರೆ ನಮಗೆ ಬೇಕಾದ ಕಿಂಡಿ 5ರಿಂದ 6 ಚದರ ಮಿ.ಮೀ. ಒಂಟಿ ಸಿಲಿಂಡರಿನಲ್ಲಿ ಒತ್ತಡ ಪ್ರತಿ ಸುತ್ತಿನಲ್ಲೂ ಏರಿಳಿಯುವುದರಿಂದ ಇದು ಅಂದಾಜು ಮಾತ್ರ. ಆದರೆ ಪ್ರಮಾಣ ತಿಳಿಯಲು ಸಾಕು.

ಕೊಳವೆಯ ವ್ಯಾಸ 34 ಮಿ.ಮೀ. ಇದ್ದರೆ ಅದರ ಪೂರ್ಣ ಅಡ್ಡಕೊಯ್ತ 908 ಚದರ ಮಿ.ಮೀ. ಐಡ್ಲಿಂಗ್ ನಡೆಯುವುದು ಅದರ ಶೇ. 1ಕ್ಕಿಂತ ಕಡಿಮೆ ಭಾಗದಲ್ಲಿ! ಬಿಲ್ಲೆಯ ಸುತ್ತಳತೆ 107 ಮಿ.ಮೀ. ಈ ಅಂಚಿನ ಸುತ್ತ ಕೇವಲ 10 ಮೈಕ್ರೋಮೀಟರ್ ದಪ್ಪದ ಮಸಿ ಕಟ್ಟಿದರೆ ಮುಚ್ಚಿಹೋಗುವ ಜಾಗ 1 ಚದರ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಂದರೆ ಐಡ್ಲಿಂಗ್ ಕಿಂಡಿಯ ಐದನೆಯ ಒಂದು ಭಾಗ. ತಲೆಗೂದಲಿಗಿಂತ ತೆಳುವಾದ ಪದರವೊಂದು ಎಂಜಿನ್ನನ್ನು ನಿಲ್ಲಿಸಬಲ್ಲದು.

ಬಿಲ್ಲೆ ಸ್ವಲ್ಪ ತೆರೆದೊಡನೆ ಈ ತೊಂದರೆ ಏಕೆ ಮಾಯವಾಗುತ್ತದೆ ಎಂಬುದಕ್ಕೆ ತ್ರಿಕೋನಮಿತಿ ಉತ್ತರ ಕೊಡುತ್ತದೆ. ತೆರೆದ ಭಾಗದ ಪ್ರಮಾಣ ಸ್ಥೂಲವಾಗಿ 1ರಿಂದ ಕೋನದ ಕೊಸೈನನ್ನು ಕಳೆದಷ್ಟು. 5 ಡಿಗ್ರಿಗೆ ಅದು ಶೇ. 0.4, 10 ಡಿಗ್ರಿಗೆ ಶೇ. 1.5, 20 ಡಿಗ್ರಿಗೆ ಶೇ. 6, 45 ಡಿಗ್ರಿಗೆ ಶೇ. 29. ಆದ್ದರಿಂದ ಐಡ್ಲಿಂಗ್‌ನಲ್ಲಿ ನಡುಗಿ ನಿಲ್ಲುವ ಗಾಡಿ ರಸ್ತೆಯಲ್ಲಿ ಏನೂ ಆಗದಂತೆ ಓಡಿದರೆ ಮೊದಲ ಅನುಮಾನ ಮಸಿಯ ಮೇಲೆ ಹೋಗಬೇಕು. ಇದಕ್ಕೆ ಮದ್ದು ಹೊಸ ಭಾಗವಲ್ಲ. ತಯಾರಕರು ಒಪ್ಪಿದ ದ್ರಾವಕ ಮತ್ತು ಮೆತ್ತನೆಯ ಬಟ್ಟೆ. ಕೆಲವು ಥ್ರಾಟಲ್ ಬಾಡಿಗಳ ಒಳಮೈಗೆ ಲೇಪನವಿರುವುದರಿಂದ ಕಾರ್ಬ್ಯುರೇಟರಿಗೆ ಬಳಸುವ ಕಟು ದ್ರಾವಕವನ್ನು ಕೈಪಿಡಿ ನೋಡದೆ ಸಿಂಪಡಿಸಬಾರದು.

ಎರಡನೆಯ ಮತ್ತು ಮೂರನೆಯ ಅರ್ಥ: ಅಳತೆಗೋಲು, ತಂತಿ

ಬಿಲ್ಲೆಯ ಕೋನ ಹೇಳುವ ಸೆನ್ಸರ್ ಅನೇಕ ಗಾಡಿಗಳಲ್ಲಿ ನಮ್ಮ ಪ್ರಯೋಗಾಲಯದ ಪೊಟೆನ್ಷಿಯೋಮೀಟರೇ. ಕಾಂತಕ್ಷೇತ್ರದಿಂದ ಕೆಲಸ ಮಾಡುವ, ಸವೆತವಿಲ್ಲದ ಬಗೆಯೂ ಇದೆ. ಇಲ್ಲಿ ಮೊದಲನೆಯದನ್ನೇ ನೋಡೋಣ. ರೋಧದ ಪಟ್ಟಿಯ ಒಂದು ತುದಿಗೆ ಇ.ಸಿ.ಯು. 5 ವೋಲ್ಟ್ ಕೊಡುತ್ತದೆ, ಇನ್ನೊಂದು ತುದಿ ಅರ್ತ್‌ಗೆ ಸೇರುತ್ತದೆ, ಅಚ್ಚಿನೊಡನೆ ಸರಿಯುವ ಮೊನೆಯಿಂದ ಸಂಕೇತ ಹೊರಡುತ್ತದೆ. ಮುಚ್ಚಿದಾಗ 0.6 ವೋಲ್ಟ್, ಪೂರ್ತಿ ತೆರೆದಾಗ 4.5 ವೋಲ್ಟ್ ಎಂದು ಇಟ್ಟುಕೊಳ್ಳಿ.

ಪಟ್ಟಿ ಒಂದು ಕಡೆ ಸವೆದಿದ್ದರೆ, ಆಕ್ಸಿಲರೇಟರನ್ನು ನಿಧಾನವಾಗಿ ತಿರುಗಿಸುತ್ತ ಹೋದಂತೆ ವೋಲ್ಟೇಜ್ ಏರುತ್ತ ಏರುತ್ತ ಒಂದೇ ಜಾಗದಲ್ಲಿ ಹಠಾತ್ತನೆ ಬಿದ್ದು ಮತ್ತೆ ಏಳುತ್ತದೆ. ಇದು ಸೆನ್ಸರಿನ ದೋಷ. ಅಂಕಿ ತೋರಿಸುವ ಮೀಟರ್ ಈ ಕ್ಷಣಿಕ ಬೀಳನ್ನು ಕೆಲವೊಮ್ಮೆ ತೋರಿಸುವುದಿಲ್ಲ. ಮುಳ್ಳಿನ ಹಳೆಯ ಮೀಟರ್ ಇಲ್ಲಿ ಹೆಚ್ಚು ಉಪಯುಕ್ತ.

ಈಗ ಸೆನ್ಸರ್ ಸರಿಯಾಗಿಯೇ ಇದ್ದು, ಕನೆಕ್ಟರಿನ ಅರ್ತ್ ಪಿನ್ನಿಗೆ ಮಳೆನೀರಿನಿಂದ ಕಿಲುಬು ಹಿಡಿದು 500 ಓಮ್ ರೋಧ ಸೇರಿಕೊಂಡಿದೆ ಎನ್ನಿ. ಪಟ್ಟಿಯ ರೋಧ 5,000 ಓಮ್. ಕಿಲುಬಿನ ಮೇಲೆಯೇ 0.45 ವೋಲ್ಟ್ ನಿಲ್ಲುತ್ತದೆ. ಲೆಕ್ಕ ಹಾಕಿದರೆ, ಮುಚ್ಚಿದಾಗಿನ ಸಂಕೇತ 0.6ರಿಂದ 1.0 ವೋಲ್ಟಿಗೆ ಏರುತ್ತದೆ, ತೆರೆದಾಗಿನದು 4.5ರಿಂದ 4.55ಕ್ಕೆ ಮಾತ್ರ. ಬಾಗಿಲು ಮುಚ್ಚಿದ್ದರೂ ಸವಾರ ಅದನ್ನು ಸ್ವಲ್ಪ ತೆರೆದಿದ್ದಾನೆಂದು ಇ.ಸಿ.ಯು.ಗೆ ತೋರಬಹುದು. 5 ವೋಲ್ಟ್ ಬರುವ ಪಿನ್ನಿಗೆ ಕಿಲುಬು ಹಿಡಿದರೆ ಫಲ ತಿರುವುಮುರುವು: ಮುಚ್ಚಿದಾಗ 0.55 ವೋಲ್ಟ್, ತೆರೆದಾಗ 4.1 ವೋಲ್ಟ್.

ಹೀಗೆ ಪ್ರತಿ ದೋಷಕ್ಕೂ ಅದರದೇ ಗುರುತಿದೆ. ಮಸಿ ವೋಲ್ಟೇಜನ್ನು ಬದಲಿಸುವುದಿಲ್ಲ. ಸವೆತ ನಡುವೆ ಗುಂಡಿ ತೋರಿಸುತ್ತದೆ. ಕಿಲುಬು ಒಂದು ತುದಿಯ ಅಳತೆಯನ್ನು ಮಾತ್ರ ಎದ್ದುಕಾಣುವಂತೆ ಕೆಡಿಸುತ್ತದೆ. ಇಲ್ಲೊಂದು ಎಚ್ಚರಿಕೆ: ಮೀಟರಿನ ಕಪ್ಪು ತಂತಿಯನ್ನು ಬ್ಯಾಟರಿಯ ಋಣ ಧ್ರುವಕ್ಕೆ ಹಿಡಿಯಬೇಕು. ಸೆನ್ಸರಿನ ಅರ್ತ್ ಪಿನ್ನಿಗೇ ಹಿಡಿದರೆ ಕಿಲುಬಿನ ಮೇಲಿನ 0.45 ವೋಲ್ಟ್ ಅಳತೆಯಿಂದ ಹೊರಗುಳಿದು ದೋಷ ಕಾಣದೇ ಹೋಗುತ್ತದೆ. ಇ.ಸಿ.ಯು. ಕೊಡುವ ಪಿ 0122, ಪಿ 0123 ಎಂಬ ಸಂಕೇತಗಳೂ ಕ್ರಮವಾಗಿ "ವೋಲ್ಟೇಜ್ ತೀರ ಕಡಿಮೆ", "ತೀರ ಹೆಚ್ಚು" ಎಂದಷ್ಟೇ ಹೇಳುತ್ತವೆ. ತಪ್ಪು ಸೆನ್ಸರಿನದೋ ತಂತಿಯದೋ ಎಂದು ಅವು ಹೇಳುವುದಿಲ್ಲ. ಸಂಕೇತವನ್ನು ತೀರ್ಪು ಎಂದು ಓದುವ ರೂಢಿ ಗ್ಯಾರೇಜುಗಳಲ್ಲಿ ಬೆಳೆಯುತ್ತಿರುವುದು ವಿಷಾದದ ಸಂಗತಿ.

"ಬದಲಾಯಿಸಿದೆ, ಸರಿಹೋಯಿತು"

ಪ್ರಯೋಗದ ದೃಷ್ಟಿಯಿಂದ ನೋಡಿದಾಗ ಥ್ರಾಟಲ್ ಬಾಡಿ ಬದಲಾವಣೆಯಷ್ಟು ಗೊಂದಲದ ಪ್ರಯೋಗ ಇನ್ನೊಂದಿಲ್ಲ. ಹೊಸ ಭಾಗ ಕೂರಿಸುವಾಗ ನಾವು ಬದಲಿಸುವುದು ಒಂದೇ ಅಂಶವನ್ನಲ್ಲ. ಕನೆಕ್ಟರನ್ನು ಕಳಚಿ ಮತ್ತೆ ಒತ್ತಿದಾಗ ಪಿನ್ನಿನ ಕಿಲುಬು ಉಜ್ಜಿಹೋಗುತ್ತದೆ. ರಬ್ಬರ್ ಕೊಳವೆಯ ಕ್ಲಾಂಪನ್ನು ಹೊಸದಾಗಿ ಬಿಗಿಯುವುದರಿಂದ ಹಳೆಯ ಗಾಳಿಸೋರಿಕೆ ನಿಲ್ಲಬಹುದು. ಕೇಬಲ್ಲಿನ ಸಡಿಲ ಬದಲಾಗುತ್ತದೆ. ಬ್ಯಾಟರಿ ಬಿಚ್ಚಿದ್ದರಿಂದ ಕೆಲವು ಇ.ಸಿ.ಯು.ಗಳು ತಾವು ಕಲಿತಿದ್ದ ತಿದ್ದುಪಡಿಗಳನ್ನು ಮರೆಯುತ್ತವೆ. ಹೊಸ ಬಿಲ್ಲೆಗೆ ಮಸಿಯೂ ಇರುವುದಿಲ್ಲ. ಐದಾರು ಬದಲಾವಣೆಗಳನ್ನು ಒಟ್ಟಿಗೆ ಮಾಡಿ, ಫಲವನ್ನು ಅವುಗಳಲ್ಲಿ ಅತಿ ದುಬಾರಿಯಾದ ಒಂದಕ್ಕೆ ಸಲ್ಲಿಸುತ್ತೇವೆ.

ನಮ್ಮ ವಿಭಾಗದ ಸಹೋದ್ಯೋಗಿಯೊಬ್ಬರು ಒಂದು ಗ್ಯಾರೇಜಿನ ಸಲಹೆಯಂತೆ ತಮ್ಮ ಬೈಕಿಗೆ ಹೊಸ ಥ್ರಾಟಲ್ ಬಾಡಿ ತರಿಸಿದರು. ಖರ್ಚು ಅವರ ಒಂದು ತಿಂಗಳ ಮನೆಬಾಡಿಗೆಯಷ್ಟು. ಮನೆಯಲ್ಲೇ ಜೋಡಿಸಿದರು, ಗಾಡಿ ಸರಿಹೋಯಿತು. ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಅದನ್ನೇ, ಒರೆಸದೆ, ಮರಳಿ ಕೂರಿಸಿ ನೋಡಿ ಎಂದು ಕೇಳಿಕೊಂಡೆ. ಹಳೆಯ ಭಾಗದೊಡನೆಯೂ ಗಾಡಿ ಚೆನ್ನಾಗಿಯೇ ನಡೆಯಿತು; ತಿಂಗಳಾದರೂ ದೂರು ಮರುಕಳಿಸಲಿಲ್ಲ. ದೋಷ ಕನೆಕ್ಟರಿನಲ್ಲಿತ್ತೋ ಕ್ಲಾಂಪಿನಲ್ಲಿತ್ತೋ ಎಂಬುದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಹಳೆಯ ಥ್ರಾಟಲ್ ಬಾಡಿಯ ಮೇಲಿನ ಆರೋಪ ಬಿದ್ದುಹೋಯಿತು. ಮರಳಿ ಜೋಡಿಸಿ ನೋಡುವ ಈ ಒಂದು ಹೆಜ್ಜೆ ಸಾಮಾನ್ಯ ಪಾಠಗಳಲ್ಲಿ ಕಾಣಸಿಗುವುದಿಲ್ಲ.

ಕೈಪಿಡಿಗಳ ಗುಣ ಮತ್ತು ಕೊರತೆ

ಈ ಪಾಠಗಳಲ್ಲಿ ಮೆಚ್ಚಬೇಕಾದ ಅಂಶಗಳಿವೆ. ಎಂಜಿನ್ ತಣ್ಣಗಾದ ಮೇಲೆ ಕೆಲಸ ಆರಂಭಿಸುವುದು, ಬಿಚ್ಚುವ ಮೊದಲು ಫೋಟೋ ತೆಗೆಯುವುದು, ತೆರೆದ ಕೊಳವೆಗೆ ಶುದ್ಧ ಬಟ್ಟೆ ತುರುಕುವುದು, ಇವೆಲ್ಲ ಒಳ್ಳೆಯ ಅಭ್ಯಾಸಗಳು. ಆದರೆ ಇಂಧನದ ಒತ್ತಡವನ್ನು ಕೆಲವರು ಲಘುವಾಗಿ ಪರಿಗಣಿಸುತ್ತಾರೆ. ಇಂಜೆಕ್ಟರಿಗೆ ಬರುವ ಪೆಟ್ರೋಲಿನ ಒತ್ತಡ ಸಾಮಾನ್ಯವಾಗಿ 3 ವಾತಾವರಣದಷ್ಟು. ಪಂಪಿನ ಕನೆಕ್ಟರ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬ್ಯಾಟರಿಯ ಋಣ ತಂತಿ ಬಿಚ್ಚದೆ ಪೈಪಿಗೆ ಕೈಹಾಕಬಾರದು. ಅಡುಗೆಮನೆಗೆ ತಾಗಿದ ಮುಚ್ಚಿದ ಜಾಗ ಈ ಕೆಲಸಕ್ಕೆ ತಕ್ಕುದಲ್ಲ.

ಜೋಡಣೆಯ ನಂತರದ ಪರೀಕ್ಷೆ ಇನ್ನೂ ಮುಖ್ಯವಾದದ್ದು. ಕೇಬಲ್ ಇರುವ ಗಾಡಿಯಲ್ಲಿ ಆಕ್ಸಿಲರೇಟರನ್ನು ತಿರುಗಿಸಿ ಬಿಟ್ಟರೆ ಬಿಲ್ಲೆ ಟಪ್ಪೆಂದು ಮುಚ್ಚಬೇಕು. ಎಂಜಿನ್ ನಡೆಯುತ್ತಿರುವಾಗ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದರೆ ವೇಗ ಏರಬಾರದು; ಏರಿದರೆ ಕೇಬಲ್ ಬಿಗಿಯಾಗಿದೆಯೆಂದು ಅರ್ಥ. ತಿರುವಿನಲ್ಲಿ ತಾನಾಗಿ ವೇಗ ಹೆಚ್ಚುವ ಗಾಡಿ ಪ್ರಾಣಕ್ಕೆ ಅಪಾಯ. ಕೇಬಲ್ಲಿಲ್ಲದೆ ಮೋಟಾರಿನಿಂದಲೇ ಬಿಲ್ಲೆ ತಿರುಗುವ ಗಾಡಿಗಳಲ್ಲಿ ಬಿಲ್ಲೆಯನ್ನು ಬೆರಳಿನಿಂದ ತಳ್ಳಬಾರದು. ಅಲ್ಲಿ ಹೊಸ ಭಾಗವನ್ನು ಇ.ಸಿ.ಯು.ಗೆ ಪರಿಚಯಿಸುವ ಉಪಕರಣ ಬೇಕಾಗುವುದುಂಟು. ಅದಿಲ್ಲದೆ ಆ ಕೆಲಸವನ್ನು ಮನೆಯಲ್ಲಿ ಆರಂಭಿಸದಿರುವುದೇ ಲೇಸು.

ತಯಾರಕರ ಕೈಪಿಡಿಗಳ ಕೊರತೆ ಬೇರೆಯದು. ಪರೀಕ್ಷೆಯ ಕ್ರಮ ಅವುಗಳಲ್ಲಿ ಇರುತ್ತದೆ. ಆದರೆ ಅಳತೆ ಮಿತಿ ಮೀರಿದರೆ "ಇಡೀ ಥ್ರಾಟಲ್ ಬಾಡಿ ಬದಲಾಯಿಸಿ" ಎಂಬಲ್ಲಿಗೆ ಬಹಳಷ್ಟು ದಾರಿಗಳು ಹೋಗಿ ಸೇರುತ್ತವೆ. ಅನೇಕ ಮಾದರಿಗಳಲ್ಲಿ ಬೆರಳ ತುದಿಯಷ್ಟಿರುವ ಸೆನ್ಸರನ್ನು ಬಿಡಿಯಾಗಿ ಮಾರುವುದೇ ಇಲ್ಲ. ತಯಾರಕರ ವಾದವನ್ನೂ ಕೇಳಬೇಕು. ಸೆನ್ಸರಿನ ಸ್ಥಾನವನ್ನು ಕಾರ್ಖಾನೆಯಲ್ಲಿ ಹರಿವು ಅಳೆದು ಹೊಂದಿಸಿರುತ್ತಾರೆ. ಸಿಕ್ಕವರೆಲ್ಲ ಅದನ್ನು ತಿರುಗಿಸಿದರೆ ಬಿ.ಎಸ್. 6 ಮಿತಿಯನ್ನು ಕಾಯುವುದು ಹೇಗೆ? ಈ ವಾದದಲ್ಲಿ ಹುರುಳಿದೆ. ಆದರೆ ಹೊಂದಾಣಿಕೆಯನ್ನು ಮೊಹರು ಮಾಡುವುದು ಬೇರೆ, ಅಳತೆಯನ್ನು ಬಚ್ಚಿಡುವುದು ಬೇರೆ. ಮುಚ್ಚಿದಾಗ ಎಷ್ಟು ವೋಲ್ಟ್, ತೆರೆದಾಗ ಎಷ್ಟು, ಪಟ್ಟಿಯ ರೋಧ ಎಷ್ಟು ಎಂಬ ಮೂರು ಸಂಖ್ಯೆಗಳನ್ನು ಮಾಲೀಕನ ಕೈಪಿಡಿಯಲ್ಲಿ ಮುದ್ರಿಸಿದರೆ ಹೊಗೆ ಹೆಚ್ಚುವುದಿಲ್ಲ. ಅನವಶ್ಯಕ ಖರ್ಚು ತಪ್ಪುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ರಚಿಸಿ, ಕೃಷಿ ಉಪಕರಣ, ಮೊಬೈಲ್ ಮತ್ತು ಗೃಹಬಳಕೆ ವಸ್ತುಗಳ ಜೊತೆಗೆ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಇದಕ್ಕಾಗಿ ಜಾಲತಾಣವೂ ಆರಂಭವಾಯಿತು. ಬಿಡಿಭಾಗ ಸಿಗುವುದು, ಗ್ಯಾರಂಟಿ ಉಳಿಯುವುದು ಇಂಥ ವಿಷಯಗಳು ಅಗತ್ಯವೇ. ಆದರೆ ಭಾಗ ಕೊಳ್ಳುವ ಹಕ್ಕಿಗೆ ಮೊದಲು, ಅದನ್ನು ಕೊಳ್ಳಬೇಕೇ ಎಂದು ತಿಳಿಯುವ ಹಕ್ಕು ಬರಬೇಕು.

ತರಗತಿಯಲ್ಲಿ ಏನು ಮಾಡಬಹುದು?

ಬದಲಾವಣೆ ಎಂದೂ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಅಚ್ಚಿನ ರಂಧ್ರ ಸವೆದು ಅದರ ಸುತ್ತ ಗಾಳಿ ನುಗ್ಗುತ್ತಿದ್ದರೆ, ಎರಕ ಬಿರುಕು ಬಿಟ್ಟಿದ್ದರೆ, ಬಿಡಿಯಾಗಿ ಸಿಗದ ಸೆನ್ಸರಿನ ಪಟ್ಟಿ ಸವೆದಿರುವುದು ಅಳತೆಯಿಂದ ಖಚಿತವಾದರೆ, ಇಡೀ ಭಾಗವನ್ನು ಬದಲಾಯಿಸಲೇಬೇಕು. ಮನೆಯಲ್ಲಿ ಬದಲಾಯಿಸಿದರೂ ತಪ್ಪಿಲ್ಲ. ಕ್ರಮ ಮಾತ್ರ ಹೀಗಿರಲಿ: ಮೊದಲು ಅಳೆಯಿರಿ, ಬರೆದಿಡಿ, ಕನೆಕ್ಟರ್ ಶುಚಿಮಾಡಿ ಮತ್ತೆ ಅಳೆಯಿರಿ, ಕ್ಲಾಂಪ್ ಮತ್ತು ರಬ್ಬರ್ ನೋಡಿ, ಮಸಿ ತೆಗೆಯಿರಿ. ಪ್ರತಿ ಹೆಜ್ಜೆಯ ನಂತರ ಗಾಡಿ ಓಡಿಸಿ ನೋಡಿ. ದೂರು ಇನ್ನೂ ಉಳಿದು, ಅಳತೆಯೂ ಅದೇ ಭಾಗದತ್ತ ಬೆರಳು ತೋರಿದರೆ ಮಾತ್ರ ಅಂಗಡಿಗೆ ಹೋಗಿ.

ಅಧ್ಯಾಪಕರಿಗೆ ಒಂದು ಸೂಚನೆ. ವಿಭವ ವಿಭಾಜಕದ ಪಾಠ ಮಾಡುವಾಗ ಮೊಬೈಲ್ ಚಾರ್ಜರಿನ 5 ವೋಲ್ಟ್, 5,000 ಓಮಿನ ಪೊಟೆನ್ಷಿಯೋಮೀಟರ್, 500 ಓಮಿಗೆ ಹತ್ತಿರದ ಒಂದು ರೋಧ ಮತ್ತು ಒಂದು ಮಲ್ಟಿಮೀಟರ್ ಇಷ್ಟನ್ನು ಮೇಜಿನ ಮೇಲೆ ಜೋಡಿಸಿ. 500 ಓಮನ್ನು ಒಮ್ಮೆ ಅರ್ತ್ ಕಡೆಗೆ, ಒಮ್ಮೆ 5 ವೋಲ್ಟ್ ಕಡೆಗೆ ಬಚ್ಚಿಡಿ. ಕಾಣುವ ಮೂರು ತುದಿಗಳನ್ನಷ್ಟೇ ಮುಟ್ಟಿ ಅಳೆದು, ಬಚ್ಚಿಟ್ಟ ರೋಧ ಎಲ್ಲಿದೆ ಎಂದು ವಿದ್ಯಾರ್ಥಿಗಳು ಹೇಳಲಿ. ಪೊಟೆನ್ಷಿಯೋಮೀಟರನ್ನು ಬದಲಾಯಿಸುವ ಅನುಮತಿ ಅವರಿಗೆ ಇರಬಾರದು. ಈ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಗ್ಯಾರೇಜು ನಡೆಸುತ್ತಾರೆ, ಕೆಲವರು ಕಾರ್ಖಾನೆಯಲ್ಲಿ ಕೈಪಿಡಿ ಬರೆಯುತ್ತಾರೆ, ಉಳಿದವರೆಲ್ಲ ಗಾಡಿ ಓಡಿಸುತ್ತಾರೆ. ಅಳೆಯದೆ ಬದಲಾಯಿಸುವ ರೂಢಿ ನಿಲ್ಲಬೇಕಾದರೆ ಅದು ಈ ಮೂವರಿಂದಲೂ ನಿಲ್ಲಬೇಕು.